ನೀರುಕಾಗೆ ಬಿಡಿಸಿದ್ದಕ್ಕೆ ಗಾಳ ಜಪ್ತಿ

ಕಡಲ ಪಕ್ಷಿಧಾಮದ ಮಾನ್ಯ ಮುಖ್ಯಾಧಿಕಾರಿಗಳೇ,

ಒಂದು ನೀರುಕಾಗೆಯ ಜೀವ ಉಳಿಸಿದ ಘೋರ ಅಪರಾಧಕ್ಕೆ ನಿಮ್ಮ ಕಚೇರಿ ನನ್ನ ಅಕ್ಕನ ಗಾಳದ ಕೋಲನ್ನು ಕಿತ್ತುಕೊಂಡು, ಒಂದು ವರ್ಷ ಧಾಮದೊಳಗೆ ಕಾಲಿಡದಂತೆ ನಿಷೇಧಿಸಿದೆ. ಮೆತ್ತಗೆ ಕೇಳಿದಾಗಲೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವೇ ಬಂದದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಕೇಳುತ್ತಿದ್ದೇನೆ.

ಅಕ್ಕ ಬಟ್ಟೆ ಹೊಲಿಯುವವಳು. ವಾರವಿಡೀ ಯಂತ್ರದ ಮೇಲೆ ಬಗ್ಗಿದ ಕತ್ತನ್ನು ಭಾನುವಾರವೊಂದೇ ದಿನ ಎತ್ತಿ ಸಮುದ್ರ ನೋಡುತ್ತಾಳೆ. ಧಾಮದೊಳಗೆ ನೀವೇ ಅನುಮತಿಸಿದ ಕಲ್ಲುಕಟ್ಟೆಯ ಮೇಲೆ ಕೂತು ಇಬ್ಬರೂ ಗಾಳ ಹಾಕುತ್ತೇವೆ. ಆ ಭಾನುವಾರ ಬೆಳಿಗ್ಗೆ, ನೀವು ಹಗ್ಗ ಕಟ್ಟಿ ಹಕ್ಕಿಗಳಿಗೆಂದು ಮೀಸಲಿಟ್ಟ ಮರಳದಿಬ್ಬದ ಮೇಲೆ ನೀರುಕಾಗೆಯೊಂದು ನೈಲಾನ್ ದಾರಕ್ಕೆ ಸಿಕ್ಕಿ ಒದ್ದಾಡುತ್ತಿತ್ತು. ದಾರ ರೆಕ್ಕೆಗೂ ಕೊರಳಿಗೂ ಸುತ್ತಿಕೊಂಡಿತ್ತು. ಅದು ನಮ್ಮಂಥ ಗಾಳದವರೇ ಯಾರೋ ಬಿಸಾಡಿದ್ದು, ಮುಚ್ಚಿಡುವುದಿಲ್ಲ. ನಾನು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ.

“ಇವತ್ತು ಭಾನುವಾರ, ಸಾಹೇಬ್ರಿಲ್ಲ. ನಾಳೆ ಮಾಡಿ.”

“ನಾಳೆವರೆಗೂ ಅದು ಬದುಕಲ್ಲ ಸಾರ್.”

“ಹಾಗಿದ್ರೆ ನಾಳೆ ಬಂದು ಎತ್ತಿಸ್ತೀವಿ ಬಿಡಿ.”

ಈ ಕರುಣೆಯ ಮಾತನ್ನು ನಾನು ಅಕ್ಕನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳು ಹಗ್ಗ ದಾಟಿದ್ದಳು. ಹಕ್ಕಿಯ ತಲೆಗೆ ಟವೆಲ್ ಹೊದಿಸಿ, ಮಂಡಿಗಳ ನಡುವೆ ಇರಿಸಿಕೊಂಡು, ಪುಟ್ಟ ಕತ್ತರಿಯಿಂದ ಒಂದೊಂದೇ ಎಳೆ ಬಿಡಿಸಿದಳು. ಅದು ಅವಳ ಮಣಿಕಟ್ಟನ್ನು ರಕ್ತ ಬರುವಂತೆ ಕುಕ್ಕಿ, ನೀರಿಗೆ ಬಿದ್ದು ಮುಳುಗಿ, ದೂರದಲ್ಲೆಲ್ಲೋ ಎದ್ದಿತು. ಅಕ್ಕ ಗಟ್ಟಿಯಾಗಿ ನಕ್ಕಳು. ಹಕ್ಕಿಗೆ ಸಿಗದ ನಿಮ್ಮ ಕಾವಲುಗಾರ ಆಗ ಅಕ್ಕನಿಗೆ ಸಿಕ್ಕಿದ.

“ಹಗ್ಗ ದಾಟಬಾರ್ದು ಅಂತ ಗೊತ್ತಿಲ್ವೇನಮ್ಮಾ?”

“ನಂಗೆ ಗೊತ್ತಪ್ಪ. ಇವತ್ತು ರಜಾ ಅಂತ ಪಾಪ ಆ ಹಕ್ಕಿಗೇ ಗೊತ್ತಿರ್ಲಿಲ್ಲ.”

ಈ ಮಾತು ನಿಮ್ಮ ಆದೇಶದಲ್ಲಿ ‘ಸಿಬ್ಬಂದಿಯೊಡನೆ ಉದ್ಧಟ ವರ್ತನೆ’ಯಾಗಿ ಸೇರಿದೆ. ಹಕ್ಕಿಯ ಸುದ್ದಿಯೇ ಅದರಲ್ಲಿಲ್ಲ!

ಮಾನ್ಯರೇ, ಹಗ್ಗ ಬೇಡವೆಂದು ನಾನು ವಾದಿಸುತ್ತಿಲ್ಲ. ಮೊಟ್ಟೆಯಿರುವಲ್ಲಿ ಮನುಷ್ಯರ ಕಾಲು ಬೀಳಬಾರದು, ನಿಜ. ಆದರೆ ಅದೇ ದಿಬ್ಬದ ಮಗ್ಗುಲಲ್ಲಿ ನಿಮ್ಮ ಅತಿಥಿಗಳ ಮೋಟಾರು ದೋಣಿ ಅಬ್ಬರಿಸುತ್ತ ಹೋಗುವಾಗ ಹಕ್ಕಿಗಳು ಎದ್ದು ನಿಂತು ಸ್ವಾಗತ ಕೋರುತ್ತವೆಯೇ? ಹಳೇ ದಾರ ಹಾಕಲು ಕಟ್ಟೆಯ ಮೇಲೊಂದು ಡಬ್ಬಿ ಇಡಿ ಎಂದು ನಾವು ಎಷ್ಟು ಸಲ ಬೇಡಿಲ್ಲ? ಡಬ್ಬಿಯ ಬದಲು ಬಂದದ್ದು ‘ಪ್ರಕೃತಿಯನ್ನು ಪ್ರೀತಿಸಿ’ ಎಂಬ ಫಲಕ. ಪ್ರೀತಿಸಿದವಳ ಗತಿ ನೋಡಿದೆವಲ್ಲ!

ಕ್ಷಮಾಪಣೆ ಬರೆದುಕೊಟ್ಟರೆ ಕೋಲು ಮರಳಿಸುವುದಾಗಿ ನಿಮ್ಮ ಗುಮಾಸ್ತರು ಹೇಳಿದರು. “ಮತ್ತೆ ಹಕ್ಕಿ ಸಿಕ್ಕಾಕೊಂಡ್ರೆ ಮತ್ತೆ ದಾಟ್ತೀನಿ. ಸುಳ್ಳು ಯಾಕೆ ಬರೀಲಿ?” ಎಂದು ಅಕ್ಕ ಎದ್ದು ಬಂದಳು. ಈಗ ಭಾನುವಾರವೂ ಹೊಲಿಯುತ್ತಾಳೆ.

ನಿಷೇಧ ತೆಗೆಯಿರಿ. ಕೋಲು ಮರಳಿಸಿ. ಡಬ್ಬಿ ಇಡಿ. ರಜೆಯ ದಿನವೂ ಫೋನೆತ್ತಿ, ಕತ್ತರಿ ಹಿಡಿದು ಬರುವವರೊಬ್ಬರನ್ನು ನೇಮಿಸಿ. ಅಂಥವರು ಯಾರೂ ಸಿಗದಿದ್ದರೆ ಅಕ್ಕನನ್ನೇ ಕೇಳಿ ನೋಡಿ. ಬೈದಾಳು, ಆದರೆ ಬಂದಾಳು.

ಇಂತಿ,
ಹಗ್ಗದ ಈಚೆಯೇ ಫೋನ್ ಹಿಡಿದು ನಿಂತಿದ್ದ ಕಾರಣ ಇನ್ನೂ ಧಾಮಕ್ಕೆ ಪ್ರವೇಶ ಉಳಿಸಿಕೊಂಡಿರುವ,
ಅವಳ ತಮ್ಮ