ಅಪ್ಪನ ಮಣ್ಣಿನ ದಿನದ ಫೋಟೋ

ನುಕುಅಲೋಫಾ, ಟೊಂಗಾ

ಮಾನಾಸೆ ಅಣ್ಣನಿಗೆ,

ಆ ಫೋಟೋಗೆ ನನಗೆ ತಗುಲಿದ್ದು ಮೂರು ದಿನದ ಕೆಲಸ, ಜೊತೆಗೆ ನನ್ನ ತಲೆ. ಅಪ್ಪನ ಮಣ್ಣಿಗೆ ನೀನು ಆಕ್ಲೆಂಡಿನಿಂದ ಬರಲಿಲ್ಲ. ಅಮ್ಮನ ಸಮಾಧಾನಕ್ಕೆಂದು, ಶವಪೆಟ್ಟಿಗೆ ಹೊತ್ತ ನನ್ನ ಮೈಗೆ ಕಂಪ್ಯೂಟರಿನಲ್ಲಿ ನಾನೇ ನಿನ್ನ ತಲೆ ಕೂರಿಸಿದೆ. ನೀನು ಅದನ್ನು ಸಿಡ್ನಿಯ ನೆಂಟರಿಗೆಲ್ಲ ಕಳಿಸಿ, "ಪೆಟ್ಟಿಗೆ ಹೊತ್ತವನು ನಾನೇ" ಎಂದೆ. ಈಗ ಅವರು ನನಗೆ ಫೋನು ಮಾಡಿ, "ಅಪ್ಪನ್ನ ಹೂಳೋವಾಗ ಎಲ್ಲಿ ಹಾಳಾಗಿ ಹೋಗಿದ್ಯೋ?" ಎನ್ನುತ್ತಾರೆ.

ಸೋದರತ್ತೆ ಫೋಟೋ ನೋಡಿ, "ಸೂತಕಕ್ಕೆ ಮಕ್ಕಳ ಕೂದಲೆಲ್ಲ ನಾನೇ ಕತ್ತರಿಸಿದ್ನಲ್ಲೋ, ಇವನ ಜುಟ್ಟು ಹೆಂಗೆ ಉಳೀತು? ಬರಹೇಳು, ಕತ್ತರಿ ಹರಿತವಾಗೇ ಇದೆ" ಅಂದರು.

ಭಾನುವಾರದೊಳಗೆ ನೆಂಟರಿಗೆ ನಿಜ ಬರೆ. ಇಲ್ಲವಾದರೆ ಮೂಲ ಫೋಟೋ ನಾನೇ ಕಳಿಸುತ್ತೇನೆ. ಅಮ್ಮನ ಗೋಡೆಯಲ್ಲಿರುವುದನ್ನು ಮಾತ್ರ ಮುಟ್ಟುವುದಿಲ್ಲ.

ಸದ್ಯಕ್ಕೆ ನಿನಗೆ ಹೆಸರು ಸಿಕ್ಕಿತು, ಅಮ್ಮನಿಗೆ ನೀನು ಸಿಕ್ಕಿದೆ, ನನಗೆ ಬೈಗುಳ ಸಿಕ್ಕಿತು.

ನಿನ್ನ ತಮ್ಮ,
ಲಿಸಿಯಾಟೆ