ನಿಂಬೆಮರದ ಕೆಳಗೆ ಹಸಿರು ಮುಖ

ಅಪ್ಪಾ,

ನೀನು ತೀರಿಹೋದಮೇಲೆ ಮೊದಲ ಸಲ ಇವತ್ತು ಮಧ್ಯಾಹ್ನ ಟೀವಿಯಲ್ಲಿ ನೀನು ದೆವ್ವವಾಗಿ ನಟಿಸಿದ್ದ ಹಳೇ ಸಿನಿಮಾ ಬಂತು. ಗೋರಿಯಿಂದ ಏಳುವ ಆ ಬೂದಿ ಮುಖ ನೋಡಿ ಈ ವಯಸ್ಸಿನಲ್ಲೂ ಮೈ ಜುಮ್ಮೆಂದಿತು. ಕಪ್ಪು-ಬಿಳುಪಿನಲ್ಲಿ ಹೆಣದ ಹಾಗೆ ಕಾಣಲೆಂದು ಸ್ಟುಡಿಯೋದವರು ನಿನ್ನ ಮುಖಕ್ಕೆ ಹಸಿರು ಬಣ್ಣ ಬಳಿಯುತ್ತಿದ್ದರು. ಹಾಲಿವುಡ್ಡಿನ ಹೊರಗೆ ಅದು ಯಾರಿಗೆ ಗೊತ್ತು? ಊಟಕ್ಕೆ ನೀನು ಹಾಗೇ ಮನೆಗೆ ಬರುತ್ತಿದ್ದೆ. ನಾನು ಕಿಟಾರನೆ ಕಿರುಚುತ್ತಿದ್ದೆ.

"ಆ ಮುಖ ತೊಳ್ಕೊಂಡು ಬಾ ಮಾರಾಯ, ಮಗು ಹೆದರ್ತಿದೆ," ಅಂತ ಅಮ್ಮ ಚಿಲಕ ಹಾಕುತ್ತಿದ್ದಳು.

"ತೊಳೆದ್ರೆ ಶೂಟಿಂಗಿಗೆ ಮತ್ತೆ ಬಳೀಬೇಕಲ್ಲೇ," ಅಂತ ನೀನು ಇದೇ ಹಿತ್ತಿಲ ನಿಂಬೆಮರದ ಕೆಳಗೆ ನಿಂತೇ ತಿಂದು ಹೋಗುತ್ತಿದ್ದೆ.

ಸಿನಿಮಾ ಮುಗಿಯುವಾಗ, ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಕನ್ಸ್ವೆಲೊ ಬೇಲಿಯಾಚೆಯಿಂದ ಕೂಗಿದಳು.

"ಅಲ್ಲ ಕಣೇ ವಿಲ್ಮಾ, ನಿಂಬೆಮರದ ಕೆಳಗೆ ಯಾರನ್ನ ನಿಲ್ಸಿದ್ದೆ? ಹಸಿದೋನ ಥರ ನಿನ್ನ ಬಾಗಿಲನ್ನೇ ನೋಡ್ತಿದ್ದ. ಮುಖಕ್ಕೆಲ್ಲ ಪಾಚಿ ಮೆತ್ಕೊಂಡ ಹಾಗಿತ್ತು."

"ಪಾಚಿಯಾ?"

"ಹೂಂ, ಹಸಿರು. ಯಾವ ನಾಟಕದೋನೋ ಏನೋ."

ನಿನ್ನ ಬಣ್ಣದ ವಿಷಯ ನಾನು ಅವಳಿಗೆ ಯಾವತ್ತೂ ಹೇಳಿಲ್ಲ. ಹಿತ್ತಿಲಿಗೆ ಓಡಿದೆ. ಯಾರೂ ಇರಲಿಲ್ಲ.

ಈಗ ಚಿಲಕ ತೆಗೆದು, ಮೇಜಿನ ಮೇಲೆ ಎರಡು ತಟ್ಟೆ ಇಟ್ಟು ಕೂತಿದ್ದೇನೆ. ಮುಖ ತೊಳೆಯಬೇಡ ಅಪ್ಪಾ. ಹಾಗೇ ಬಾ.