ಬದುಕಿದವನಿಗೆ ಎಡೆ ಇಡಬಾರದಂತೆ

ದೋಸ್ತ ಮಲ್ಲು,

ಮೊದಲು ಬೈದುಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಬದುಕಿದ್ದಾಗ ನಿನ್ನ ಆ ಜಗತ್ತುಗಳ ಸುದ್ದಿ ಹೇಳಿ ಹೇಳಿ ನನ್ನ ತಲೆ ತಿಂದೆ. ಹೋಗುವಾಗ ಅವನ್ನು ನನ್ನ ಕೊರಳಿಗೇ ಕಟ್ಟಿ ಹೋದೆಯಲ್ಲೋ, ಮಾರಾಯ!

ಕುಸನೂರ ಕಡೆಯ ಚಹಾದಂಗಡಿ ನೆನಪಿದೆಯಾ? ಒಂದೇ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ನಾವಿಬ್ಬರು ಸಂಜೆ ಒಂದು ಚಹಾ ಹೇಳಿ ಎರಡು ಕಪ್ಪಿಗೆ ಹಾಕಿಸುತ್ತಿದ್ದೆವು. ಜಗಳ ಮಾತ್ರ ದಿನಾ ಒಂದೇ. ಅಳೆಯುವ ತನಕ ಎಲೆಕ್ಟ್ರಾನು ಅಲ್ಲಿಯೂ ಇದೆ, ಇಲ್ಲಿಯೂ ಇದೆ ಎಂಬಂತೆ ಲೆಕ್ಕ ಹೇಳುತ್ತದೆ. ಅಳೆದಾಗ ಒಂದೇ ಕಡೆ ಸಿಗುತ್ತದೆ. ಹಾಗಾದರೆ ಇನ್ನೊಂದು ಎಲ್ಲಿ ಹೋಯಿತು? "ಎಲ್ಲೂ ಹೋಗಿಲ್ಲ ಲೇ ರಫೀಕ. ಜಗತ್ತು ಎರಡಾಗ್ಯಾದ. ಅಲ್ಲಿ ಇನ್ನೊಬ್ಬ ರಫೀಕ ಅದನ್ನ ನೋಡಾಕತ್ತಾನ," ಅನ್ನುತ್ತಿದ್ದೆ. ನಾನು ಕಪ್ಪು ಎತ್ತಿ ತೋರಿಸುತ್ತಿದ್ದೆ. "ಚಹಾ ಎರಡು ಮಾಡಿದ್ರ ಅರ್ಧರ್ಧ ಬರ್ತದ. ಜಗತ್ತು ಎರಡು ಮಾಡಿದ್ರ ಎರಡೂ ಪೂರ್ತಿ ಹೆಂಗ ಬರ್ತಾವೋ?" ನೀನು ನಗುತ್ತಿದ್ದೆ: "ಲೆಕ್ಕಕ್ಕ ಕೇಳು, ನನಗ್ಯಾಕ ಕೇಳ್ತಿ?" ನಾವು ಹೀಗೆ ಕಿತ್ತಾಡುವುದು ಕಂಡು ನಮ್ಮ ವಿಭಾಗದ ಮುಖ್ಯಸ್ಥರು, "ಇದು ಪರೀಕ್ಷಾದಾಗ ಬರ್ತದೇನ್ರೀ?" ಎಂದು ಕೇಳಿ ಹೋಗುತ್ತಿದ್ದರು. ಇದಕ್ಕಿಂತ ಹೇಸಿಗೆಯ ಮಾತು ಇನ್ನೊಂದಿಲ್ಲ ಅಂತ ನಾನು ಆಗ ಅಂದುಕೊಂಡಿದ್ದೆ.

ನಿನ್ನ ಶೋಕಸಭೆ ನೀನು ನೋಡಬೇಕಿತ್ತು. ಕಮಲಾಪುರದಿಂದ ದಿನಾ ಬಸ್ಸಿಗೆ ಬರುವವನು ಅವತ್ತೊಂದು ದಿನ ಬೈಕು ತೆಗೆದೆ, ಲಾರಿ ಎದುರಿಗೆ ಬಂತು. ಅದಕ್ಕೆ ಏನು ಮಾತಾಡಬೇಕು ಹೇಳು? ಸೇಡಂ ರಸ್ತೆಯ ಸಭಾಂಗಣದಲ್ಲಿ ಒಬ್ಬ ಭಾಷಣಕಾರ ಎದ್ದು ನಿಂತ. ವ್ಯಕ್ತಿತ್ವ ವಿಕಸನದ ಶಿಬಿರ ಮಾಡುವವನಂತೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಿಮ್ಮವ್ವನ ಕಡೆ ಕೈ ಚಾಚಿ, "ಅಳಬ್ಯಾಡ್ರಿ ಅವ್ವಾರ! ಅವತ್ತು ಮಲ್ಲಿಕಾರ್ಜುನ ಸರ್ ಬಸ್ ಹತ್ತಿದ ಜಗತ್ತೂ ಅದ. ಅಲ್ಲಿ ಅವ್ರು ಆರಾಮ ಅದಾರ. ಇದು ನಾ ಹೇಳೋದಲ್ರೀ, ಸೈನ್ಸ್ ಹೇಳ್ತದ!" ಎಂದ. ಜನ ಚಪ್ಪಾಳೆ ತಟ್ಟಿದರು. ಶೋಕಸಭೆಯಲ್ಲಿ ಚಪ್ಪಾಳೆ, ಮಲ್ಲು! ಹೊರಗೆ ಬಂದರೆ ಬಾಗಿಲಲ್ಲಿ ಅವನ ಮುಂದಿನ ಶಿಬಿರದ ಚೀಟಿ ಹಂಚುತ್ತಿದ್ದರು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಇದೇ. ಥೂ.

ನೀನು ಯಾವತ್ತಾದರೂ ಹಾಗೆ ಹೇಳಿದ್ದೆಯಾ? ಒಮ್ಮೆ ಬೇರೆಯಾದ ಜಗತ್ತುಗಳ ನಡುವೆ ಒಂದು ಸುದ್ದಿಯೂ ದಾಟುವುದಿಲ್ಲ ಅಂತ ನೀನೇ ಮೇಜು ಕುಟ್ಟಿ ಹೇಳುತ್ತಿದ್ದೆ. ಅದು ನಿನಗೆ ಸಮಾಧಾನ ಕೊಡುವ ಮಾತಾಗಿರಲಿಲ್ಲ, ನಿದ್ದೆ ಕೆಡಿಸುವ ಪ್ರಶ್ನೆಯಾಗಿತ್ತು. ಅವನಿಗೆ ಅದು ಪೆಪ್ಪರಮಿಂಟು.

ಅವತ್ತಿನಿಂದ ನಿಮ್ಮವ್ವ ಅಳುವುದನ್ನು ಬಿಟ್ಟಳು. ಎಲ್ಲರೂ ಒಳ್ಳೆಯದಾಯಿತು ಅಂದರು. ನನಗೇ ಯಾಕೋ ಭಯ. ವರ್ಷ ತುಂಬಿದ ಮೇಲಿನ ಮೊದಲ ಮಹಾಲಯ ಅಮಾವಾಸ್ಯೆ ಬಂತು. ಬೆಳಿಗ್ಗೆ ನಿನ್ನ ತಂಗಿ ನಾಗವ್ವನ ಫೋನು. "ಅಣ್ಣಾ, ಅವ್ವ ನಮ್ಮ ಅಣ್ಣಂಗ ಎಡಿ ಇಡಂಗಿಲ್ಲ ಅಂತಾಳ. ಬದುಕಿದಾಂವಗ ಎಡಿ ಇಟ್ರ ಅಂವಗ ಕೇಡಂತ. ನೀ ಬಂದು ಹೇಳು." ನಮ್ಮ ಮನೆಯಲ್ಲಿ ಎಡೆ ಇಡುವ ಪದ್ಧತಿಯೇ ಇಲ್ಲ, ನಾನೇನು ಹೇಳಲಿ? ಆದರೂ ಐವಾನ್-ಎ-ಶಾಹಿಯ ನನ್ನ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಓಡಿ ಕಮಲಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಭಾಷಣಕಾರನನ್ನು ಬೈಯುತ್ತಲೇ ಹೋದೆ.

ನಿಮ್ಮ ಮನೆಯೊಳಗೆ ಹೋದರೆ ನಿಮ್ಮಪ್ಪನ ಫೋಟೋದ ಮುಂದೆ ಎಲೆ ಹಾಕಿತ್ತು: ಹೋಳಿಗೆ, ಅನ್ನ, ಪಲ್ಯ, ನಿಮ್ಮೂರ ಕೆಂಪು ಬಾಳೆಹಣ್ಣು. ಪಕ್ಕದಲ್ಲಿ ಇನ್ನೊಂದು ಎಲೆಯ ಜಾಗ ಖಾಲಿ. ನಿನ್ನ ಎಡೆಗೆ ಇಡಲೆಂದು ನಾಗವ್ವ ತಂದಿದ್ದ ಹೊಸ ಶರ್ಟು ಕವರಿನೊಳಗೇ ಮಂಚದ ಮೇಲಿತ್ತು. ಬಂಧುಗಳೆಲ್ಲ ಬೈದು ಸುಸ್ತಾಗಿ ಕುಳಿತಿದ್ದರು. ಅವ್ವ ನನ್ನ ಕೈ ಹಿಡಿದಳು.

"ರಫೀಕ, ನೀನೂ ಅದನ್ನ ಓದಿದಾಂವ. ಖರೇ ಹೇಳು. ನನ್ನ ಮಗ ಅದಾನೋ ಇಲ್ಲೋ?"

ಗೊತ್ತಿಲ್ಲ ಅನ್ನುವುದೇ ನಮ್ಮ ಶಾಸ್ತ್ರದ ಪ್ರಾಮಾಣಿಕ ಉತ್ತರ, ಅಲ್ಲವಾ? ಆದರೆ ಗೊತ್ತಿಲ್ಲ ಅಂದರೆ ಆ ಮುದುಕಿ ಸಾಯುವ ತನಕ ಬಾಗಿಲು ನೋಡುತ್ತಾ ಕೂರುತ್ತಾಳೆ. ಇದ್ದಾನೆ ಅಂದರೆ ನಾನೂ ಚೀಟಿ ಹಂಚಿದಂತೆ. ಇಲ್ಲ ಅಂದರೆ ನಿನ್ನನ್ನು ಸುಳ್ಳುಗಾರ ಮಾಡಿದಂತೆ... ನೀನಿದ್ದಿದ್ದರೆ ಏನು ಹೇಳುತ್ತಿದ್ದೆಯೋ!

"ಅವ್ವ, ಅಂಥ ಜಗತ್ತು ಇದ್ರೂ ಇರಬಹುದು, ನಮಗ್ಯಾರಿಗೂ ಗೊತ್ತಿಲ್ಲ. ಇದ್ರ, ಅಲ್ಲಿರಾಂವ ಬ್ಯಾರೆ ಮಲ್ಲು. ಅಂವಗ ಅಲ್ಲಿ ಬ್ಯಾರೆ ಅವ್ವ ಅದಾಳ. ಅಂವ ಈ ಮನೀಗಿ ಎಂದೂ ಬರಂಗಿಲ್ಲ. ಈ ಮನ್ಯಾಗ ಉಂಡು, ನಿನಗ ಹೋಗಿ ಬರ್ತೀನವ್ವ ಅಂದು ಹೋದ ಮಲ್ಲು ಸತ್ತಾನ. ನಾನ ಮಣ್ಣು ಕೊಟ್ಟು ಬಂದೀನಿ."

ನನ್ನ ಎದೆಗೆ ಎರಡೂ ಕೈಯಿಂದ ಹೊಡೆದಳು. ಆಮೇಲೆ ಅತ್ತಳು ನೋಡು ಮಲ್ಲು, ವರ್ಷದ ಅಳು! ನಾಗವ್ವ ಅತ್ತಳು. ನಾನೂ ಅತ್ತೆ. ಅತ್ತು ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಆ ಅವ್ವ ಅಂವಗ ಹೊತ್ತೊತ್ತಿಗೆ ಉಣ್ಣಾಕ ನೀಡ್ತಾಳೇನು?"

"ನೀಡ್ತಾಳವ್ವ."

"ನೀಡ್ಲಿ," ಅಂದು ಎದ್ದು, ಖಾಲಿ ಜಾಗದಲ್ಲಿ ಎಲೆ ಹಾಕಿದಳು. ಶರ್ಟನ್ನು ಕವರಿನಿಂದ ತೆಗೆದು ತಾನೇ ಮಡಚಿ ಎಲೆಯ ಪಕ್ಕ ಇಟ್ಟಳು.

ಪೂಜೆಯಾದ ಮೇಲೆ ನಿನ್ನ ಎಲೆ ನನ್ನ ಮುಂದೆ ಬಂತು. "ದೋಸ್ತಂದು ನೀನ ಉಣ್ಣು," ಅಂದಳು. ಒಂದು ಅಗುಳು ಬಿಡದೆ ಉಂಡೆ. ಶರ್ಟೂ ನನಗೇ ಕೊಟ್ಟಳು. ತೋಳು ಸ್ವಲ್ಪ ಉದ್ದ.

ನಾಳೆ ಅದನ್ನೇ ತೊಟ್ಟು ಕ್ಲಾಸಿಗೆ ಹೋಗುತ್ತೇನೆ. ಪರೀಕ್ಷೆಯಲ್ಲಿ ಬರದಿದ್ದರೂ ನಿನ್ನ ಜಗತ್ತುಗಳ ಪಾಠ ಮಾಡುತ್ತೇನೆ, ನೀನು ಮೇಜು ಕುಟ್ಟಿ ಹೇಳುತ್ತಿದ್ದಂತೆಯೇ. ಯಾರಾದರೂ ಎದ್ದು, "ಹಂಗಾದ್ರ ಸತ್ತವರು ಅಲ್ಲಿ ಸಿಗ್ತಾರೇನ್ರೀ ಸರ್?" ಅಂತ ಕೇಳಿದರೆ, ಸಿಗುವುದಿಲ್ಲ ಅನ್ನುತ್ತೇನೆ. ನಿಮ್ಮವ್ವನಿಗೆ ಹೇಳಿ ಬಂದವನು ನಾನು, ಇನ್ನು ಯಾರಿಗೆ ಹೇಳಲು ಹೆದರಲಿ?

ನಿನ್ನ
ರಫೀಕ